ಸೂಜಿ ಗೊತ್ತಾದರೆ ಹೇಳು

ದಿನಾಂಕ ೧೪, ಬುಧವಾರ ಮಧ್ಯಾಹ್ನ

ಪ್ರೀತಿಯ ಮಗಳು, ನನ್ನ ಪುಟ್ಟ ಬಟನ್‌ಗೆ,

ನಿನ್ನ ಅಮ್ಮ ಮಾಡುವ ಆಶೀರ್ವಾದಗಳು. ನಿನ್ನ ಅಣ್ಣ, ಅತ್ತಿಗೆ ಚೆನ್ನಾಗಿದ್ದಾರೆ. ನಿನ್ನ ಕಾಗದ ಬಂದು ಹನ್ನೊಂದು ದಿನವಾಯಿತು, ಬೇಸರ ಮಾಡಿಕೊಳ್ಳಬೇಡ. ಶಾಲೆ ಶುರುವಾಗುವ ಮುಂಚಿನ ಸಮವಸ್ತ್ರದ ಕೆಲಸ, ಅಂಗಡಿಯಲ್ಲಿ ಬಟ್ಟೆಯ ಥಾನುಗಳ ನಡುವೆ ಕಾಲಿಡಲು ಜಾಗವಿಲ್ಲ. ಅದೂ ಅಲ್ಲದೆ ನನ್ನ ಬಲಗೈ ಬೆರಳುಗಳಿಗೆ ಮೂರು ತಿಂಗಳಿಂದ ಜೋಮು ಹಿಡಿದಿರುವುದು ನಿನಗೆ ಗೊತ್ತೇ ಇದೆ. ಈ ಕೈ ಹೋದರೆ ಕತ್ತರಿ ಹೋಯಿತು. ಕತ್ತರಿ ಹೋದರೆ ನಾನು ನನ್ನದೇ ಅಂಗಡಿಯ ಮೂಲೆಯಲ್ಲಿ ಕುಳಿತ ಮುದುಕಿ. ಆ ಹೆದರಿಕೆಯೇ ನನ್ನನ್ನು ಸೂಜಿ ಚಿಕಿತ್ಸೆಗೆ ಎಳೆದುಕೊಂಡು ಹೋದದ್ದು.

ಕುತ್ತಿಗೆ ನೋವಿಗೆ ಬರುವ ಸೋಮವಾರ ನೀನೂ ಆಕ್ಯುಪಂಕ್ಚರ್ ಮಾಡಿಸಿಕೊಳ್ಳುತ್ತೀಯಂತೆ. "ಭಯ ಆಗ್ತಿದೆ ಅಮ್ಮ, ಮೊದಲೇ ಏನೇನು ತಿಳ್ಕೊಂಡಿರ್ಬೇಕು ಬರಿ" ಎಂದು ಕೇಳಿದ್ದೀಯ. ನಾಲ್ಕು ಸಲ ಹೋಗಿ ಬಂದವಳು ಹೇಳುತ್ತೇನೆ, ಕೇಳು.

ಖಾಲಿ ಹೊಟ್ಟೆಯಲ್ಲಿ ಹೋಗಬೇಡ, ತಲೆ ಸುತ್ತುತ್ತದೆ. ಹೊಟ್ಟೆ ಬಿರಿಯುವಷ್ಟು ತಿಂದೂ ಹೋಗಬೇಡ. ಸಡಿಲವಾದದ್ದನ್ನು ತೊಟ್ಟುಕೋ. ಮೊದಲ ದಿನ ಬಿಗಿ ತೋಳಿನ ಅಂಗಿಯಲ್ಲಿ ಹೋಗಿ, ಸೂಜಿ ಹಾಕುವ ಡಾಕ್ಟರಮ್ಮನಿಂದ "ಏನಮ್ಮಾ, ದರ್ಜಿ ಅಂತೀರಿ, ತೋಳು ಮೇಲಕ್ಕೇ ಏರಲ್ವಲ್ಲ!" ಅನ್ನಿಸಿಕೊಂಡೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಬಸಿರಾಗಿದ್ದರೆ, ಮೊದಲೇ ಹೇಳು. ಸೂಜಿಯ ಪೊಟ್ಟಣವನ್ನು ನಿನ್ನ ಕಣ್ಣೆದುರೇ ಒಡೆಯಲಿ, ಒಬ್ಬರಿಗೆ ಹಾಕಿದ್ದನ್ನು ಇನ್ನೊಬ್ಬರಿಗೆ ಹಾಕುವಂತಿಲ್ಲ. ಈ ಚಿಕಿತ್ಸೆಯನ್ನು ನಂಬಿಕೊಂಡು ಡಾಕ್ಟರು ಕೊಟ್ಟ ಮಾತ್ರೆಯನ್ನು ನೀನಾಗಿ ನಿಲ್ಲಿಸಬೇಡ.

ಆ ಸೂಜಿ ನಮ್ಮ ಸೂಜಿಯಂತಲ್ಲ. ಕಣ್ಣಿಲ್ಲ, ಕೂದಲೆಳೆಯಷ್ಟು ಸಣ್ಣ. ಒಳಗೆ ಹೋಗುವುದು ಬೆಣ್ಣೆಯಿಂದ ಕೂದಲು ತೆಗೆದಷ್ಟು ಹಗುರ. ಆದರೂ ನಲವತ್ತು ವರ್ಷ ಬಟ್ಟೆಗೆ ಚುಚ್ಚಿದ ನನಗೆ ಅದನ್ನು ಕಂಡಾಗ ಬಾಯಿ ಒಣಗಿತು. ಪರದೆಯಾಚೆ ಯಾರೋ "ಅಯ್ಯೋ" ಎಂದರು, ನಾನು ಚಪ್ಪಲಿ ಎಲ್ಲಿದೆ ಎಂದು ನೋಡಿಕೊಂಡೆ. ಸೂಜಿ ಮೈಮೇಲೆ ನಿಂತಿರುವಾಗ ಮಿಸುಕಬಾರದು. ಆಗ ಎಲ್ಲಿ ಕೆಮ್ಮು ಬಂದೀತೋ ಎಂಬ ಹೆದರಿಕೆ ಇದೆಯಲ್ಲ, ಅದು ಸೂಜಿಗಿಂತ ಉದ್ದ. ಉಸಿರು ಬಿಗಿಹಿಡಿಯಬೇಡ.

ನಮ್ಮ ಅಂಗಡಿಯಲ್ಲಿ ಅಂಗಿ ಗುಂಡಿಗೆ ಕಾಜಾ ಹಾಕುವವಳು ಕೇಳಿದಳು: "ಅಮ್ಮಾವ್ರೇ, ಅಲ್ಲಿ ಮಲಗಿದ್ದಾಗ್ಲಾದ್ರೂ ಯಾರನ್ನೂ ಬೈಯ್ದೆ ಇರ್ತೀರಾ?"

"ಇರ್ತೀನಿ. ಬಂದು ಎಲ್ಲಾ ಒಟ್ಟಿಗೆ ಬೈತೀನಿ" ಎಂದೆ. ಅಂಗಡಿಯವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ಮುಖ್ಯವಾದದ್ದು ಈಗ ಹೇಳುತ್ತೇನೆ. ಒಂದೊಂದು ಸೂಜಿಗೂ ಅವರು "ಗೊತ್ತಾಯ್ತಾ?" ಎಂದು ಕೇಳುತ್ತಾರೆ. ಆ ಜಾಗ ಭಾರವಾದಂತೆ, ಜುಮ್ಮೆಂದಂತೆ ಆದರೆ ಹೌದು ಅನ್ನು. ಆಗದಿದ್ದರೆ ಇಲ್ಲ ಅನ್ನು. ನೋವು ತಡೆಯಲಾಗದಿದ್ದರೆ, ಕಣ್ಣು ಕತ್ತಲೆ ಬಂದರೆ ತಕ್ಷಣ ಬಾಯಿ ಬಿಡು. ನಮ್ಮ ಮನೆಯ ಹೆಂಗಸರಿಗೆ ಈ ಮಾತು ಬಾಯಿಗೆ ಬರುವುದಿಲ್ಲ, ಕಲಿಸಿದವಳು ನಾನೇ. ಎಂಟು ವರ್ಷದವಳು ನೀನು ಮಿಷನ್ನಿಗೆ ಬೆರಳು ಕೊಟ್ಟು, ರಕ್ತ ಸೋರುತ್ತಿದ್ದರೂ "ಏನೂ ಆಗಿಲ್ಲಮ್ಮ" ಎಂದೆ. ನನ್ನ ಮಗಳು ಎಂದು ನಾಲ್ಕು ಜನರ ಮುಂದೆ ನಾನು ಬೀಗಿದೆ. ಅದು ತಪ್ಪು. ಅಲ್ಲಿ ಆ ಹೆಮ್ಮೆ ಬೇಡ.

ನಿನ್ನ ಕುತ್ತಿಗೆ ಹಗುರವಾಗಲಿ, ನಿದ್ದೆ ಚೆನ್ನಾಗಿ ಹತ್ತಲಿ. ಅಳಿಯಂದಿರಿಗೂ ಮೊಮ್ಮಗಳಿಗೂ ನನ್ನ ಆಶೀರ್ವಾದ.

ಇಂತು,
ನಿನ್ನ ಅಮ್ಮ

ತಾ.ಕ.: ಇದು ಮರೆತು ಬಿಟ್ಟದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು. ಮೊದಲ ಮೂರು ಸಲವೂ ಡಾಕ್ಟರಮ್ಮ ನನ್ನ ಬಲಗೈಗೆ ಸೂಜಿ ಹಾಕಿ ಕೇಳಿದಾಗಲೆಲ್ಲ ಹೂಂ ಎಂದೆ. ಒಂದು ಸೂಜಿಯೂ ನನಗೆ ಗೊತ್ತಾಗಿರಲಿಲ್ಲ. ಇಲ್ಲ ಎಂದರೆ ಕೈ ಸತ್ತಿದೆ ಎಂದು ಒಪ್ಪಿಕೊಂಡಂತೆ ಎಂದು ಹೆದರಿದೆ. ನಿನ್ನೆ ಕಣ್ಣು ಮುಚ್ಚಿ ಮಲಗಲು ಹೇಳಿದರು.

"ಗೊತ್ತಾಯ್ತಾ?"

"ಹೂಂ."

"ಈಗ?"

"ಹೂಂ, ಜುಮ್ ಅಂತಿದೆ."

ಅವರು ನನ್ನ ಭುಜ ಮುಟ್ಟಿ ಕಣ್ಣು ಬಿಡಲು ಹೇಳಿದರು. ಆಮೇಲೆ ಮೆಲ್ಲಗೆ, "ಅಮ್ಮಾ, ನಾನಿನ್ನೂ ಪೊಟ್ಟಣನೇ ಒಡೆದಿಲ್ಲ" ಎಂದರು.

ಇದು ತಮ್ಮ ಸೂಜಿಯಿಂದಾಗುವ ಕೆಲಸವಲ್ಲ ಎಂದು ಹೇಳಿ, ನರದ ಡಾಕ್ಟರಿಗೆ ಚೀಟಿ ಬರೆದುಕೊಟ್ಟಿದ್ದಾರೆ. ಬರುವ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಅಲ್ಲಿಗೆ ಬರಹೇಳಿದ್ದಾರೆ. ನಿನ್ನ ಅಣ್ಣನಿಗೆ ಇನ್ನೂ ತಿಳಿಸಿಲ್ಲ. ಒಬ್ಬಳೇ ಹೋದರೆ ಅಲ್ಲಿಯೂ ಹೂಂ ಎಂದುಬಿಡುತ್ತೇನೆ ಮಗಳೇ, ನನ್ನ ಮೇಲೆ ನನಗೇ ನಂಬಿಕೆಯಿಲ್ಲ. ನೀನು ಬಂದು ಪಕ್ಕದಲ್ಲಿ ಕುಳಿತುಕೋ.