೭೯೦೭ರ ಶೇಷ

ಗ್ರೋನಿಂಗೆನ್, ೬ ಫೆಬ್ರವರಿ ೧೯೩೪, ಮಂಗಳವಾರ

ಡೆಲ್ಫ್ಟ್‌ನಿಂದ ಯಾರೋ ಅಪರಿಚಿತರ ಕಾರ್ಡು. ಒಂದೇ ಸಾಲು: ‘ನಿಮ್ಮ ಸಂಖ್ಯೆಯನ್ನು ೭೯೦೭ರಿಂದ ಭಾಗಿಸಿ ನೋಡಿ.’

ನೋಡಿದೆ. ಶೇಷ ಸೊನ್ನೆ. ೬,೨೬,೧೫,೫೩೩ ಅವಿಭಾಜ್ಯ ಸಂಖ್ಯೆ ಅಂತ ನಮ್ಮಿಬ್ಬರ ಹೆಸರಲ್ಲಿ ಪತ್ರಿಕೆಯಲ್ಲಿ ಅಚ್ಚಾಗಿ ಇನ್ನೂ ತಿಂಗಳಾಗಿಲ್ಲ.

ಭಾಗಿಸಿ ನೋಡಬೇಕಾಗಿದ್ದದ್ದು ಅದರ ವರ್ಗಮೂಲದೊಳಗಿನ ಒಂಬೈನೂರ ತೊಂಬತ್ತೊಂಬತ್ತು ಅವಿಭಾಜ್ಯಗಳಿಂದ. ಮೊದಲ ಐನೂರು ನನ್ನ ಪಾಲು, ಉಳಿದದ್ದು ಒಂಬತ್ತು ವರ್ಷದಿಂದ ನನ್ನ ಗೆಳೆಯನಾಗಿರುವ ವೀಬೆಯದು. ೭೯೦೭ ಕಟ್ಟಕಡೆಯದು. ಅವನ ಪುಸ್ತಕದಲ್ಲಿ ಅದರ ಮುಂದೆ ‘ಶೇಷ ೨೬೧೪’ ಅಂತ ದುಂಡಗೆ ಬರೆದಿದೆ, ಕೆಳಗೆ ರುಜು.

ಪುಸ್ತಕ ಹಿಡಿದು ಅವನ ಮನೆಗೇ ಹೋದೆ. ಬಟಾಣಿ ಸೂಪು ಕುಡಿಯುತ್ತಾ ಕೂತಿದ್ದ.

“ಇದೆಲ್ಲಿಂದ ಬಂತು?”

“ಅವತ್ತು ಕಾಲುವೆ ಹೆಪ್ಪುಗಟ್ಟಿತ್ತು ಮಾರಾಯ್ತಿ, ಊರಿಗೆ ಊರೇ ಸ್ಕೇಟಿಂಗ್‌ಗೆ ಹೊರಟಿತ್ತು. ಉಳಿದಿದ್ದು ಒಂದೇ ಒಂದು. ಸೊನ್ನೆ ಬಿಟ್ಟು ಏನು ಬರೆದ್ರೂ ನಡೀತಿತ್ತಲ್ಲ!” ಅಂತ ನಕ್ಕ.

“ಒಂದೇನಾ?”

“ದೇವರಾಣೆ, ಒಂದೇ.”

ಅವತ್ತು “ಮುಗೀತು, ಮುಗೀತು!” ಅಂತ ಕೂಗುತ್ತಾ ಬಂದು ನನ್ನ ಕೈಹಿಡಿದು ಮಂಜುಗಡ್ಡೆಯ ಮೇಲೆ ಎಳೆದೊಯ್ದವನೂ ಇವನೇ. ಅಷ್ಟು ಸಂತೋಷ ನಾನು ಯಾವತ್ತೂ ಪಟ್ಟಿರಲಿಲ್ಲ.

ಸುಳ್ಳು ಶೇಷವೂ ೭೯೦೭ಕ್ಕಿಂತ ಚಿಕ್ಕದಿರಬೇಕು ಅನ್ನೋದನ್ನು ಮಾತ್ರ ಅವನು ಮರೆತಿಲ್ಲ. ಅದೇ ಚುಚ್ಚುತ್ತಿದೆ.

ಈಗ ಅವನ ಪಾಲನ್ನು ಮೊದಲಿಂದ ಭಾಗಿಸುತ್ತಾ ಕೂತಿದ್ದೇನೆ. ೩೫೮೧, ಶೇಷ ೧೭೪೮. ಸರಿಯಾಗೇ ಬರೆದಿದ್ದಾನೆ. ಮುಂದಿನದೂ ಸರಿ. ಒಂದೊಂದು ಸರಿ ಬಂದಾಗಲೂ ಜೀವಕ್ಕೆ ಹಾಯೆನಿಸುತ್ತದೆ. ಥೂ, ಇಷ್ಟಾದ ಮೇಲೂ ನಾನು ಅವನ ಪರವಾಗಿಯೇ ಇದ್ದೇನೆ.