ನೂರನಲವತ್ತನಾಲ್ಕು ಬಿಳಿ ಚೆಂಡುಗಳು

ಶಂಕರಪುರ
೧೨ ಜನವರಿ ೨೦೨೫, ಭಾನುವಾರ

ಪ್ರೀತಿಯ ಮಮ್ಮಿ,

ನಿನ್ನ ಮೊಣಕಾಲು ನೋವು ಹೇಗಿದೆ? ಕುವೈತಿನಲ್ಲಿ ಈಗ ವಿಪರೀತ ಚಳಿಯಂತೆ, ಅಲ್ಲಿಂದ ರಜೆಗೆ ಬಂದ ರಾಯ್‌ಸ್ಟನ್ ಹೇಳಿದ. ನೀನು ನೋಡಿಕೊಳ್ಳುವ ಅಜ್ಜಿಯನ್ನು ಹಾಸಿಗೆಯಿಂದ ಎಬ್ಬಿಸುವಾಗ ಒಬ್ಬಳೇ ಎತ್ತಬೇಡ, ಅವರ ಸೊಸೆಯನ್ನು ಕರೆ. ಇಲ್ಲಿ ಪಪ್ಪ ಚೆನ್ನಾಗಿದ್ದಾರೆ. ಮಲ್ಲಿಗೆ ಗಿಡಗಳಿಗೆ ದಿನಾ ತಾವೇ ನೀರು ಹಾಕಿ, ನಾನು ಹಾಕಿಲ್ಲ ಎಂದು ದೂರು ಹೇಳುತ್ತಾರೆ. ಚಳಿಗೆ ಹೂವು ಕಡಿಮೆ. ನಿನ್ನೆ ಕೊಯ್ದದ್ದು ಎರಡು ಚೆಂಡು ಹೂ ಕಟ್ಟಲೂ ಸಾಲಲಿಲ್ಲ.

ರಾಯ್‌ಸ್ಟನ್ ಕೈಯಲ್ಲಿ ನೀನು ಕಳಿಸಿದ ಕೆಲಸದ ಕಾಗದ ತಲುಪಿದೆ. ಅಲ್ಲಿಯ ಶಾಲೆಯ ಆಫೀಸಿನಲ್ಲಿ ನನಗೆ ಕೆಲಸ ಹೇಳಿಟ್ಟದ್ದಕ್ಕೆ ನೀನು ಎಷ್ಟು ಜನರನ್ನು ಕೇಳಿಕೊಂಡಿರಬೇಕು ಎಂದು ನನಗೆ ಗೊತ್ತು. ಸಹಿ ಹಾಕಿ ಅವನ ಕೈಯಲ್ಲೇ ವಾಪಸು ಕಳಿಸಬೇಕು ಎಂದಿದ್ದೀಯಲ್ಲ, ಅವನು ನಾಳೆ ಬೆಳಿಗ್ಗೆ ಹೊರಡುತ್ತಾನೆ. ಫೋನಿನಲ್ಲಿ ನೀನು ಮೂರು ಸಲ ಕೇಳಿದಾಗಲೂ ನಾನು ಫೋನನ್ನು ಪಪ್ಪನ ಕೈಗೆ ಕೊಟ್ಟು ಒಳಗೆ ಹೋದೆ. ಅದರ ವಿಷಯ ಕೊನೆಗೆ ಬರೆಯುತ್ತೇನೆ. ಮೊದಲು ನಿನ್ನೆ ಮಣಿಪಾಲದಲ್ಲಿ ಏನಾಯಿತು ಎಂದು ಹೇಳದಿದ್ದರೆ ನನಗೆ ಇವತ್ತು ಊಟ ಸೇರುವುದಿಲ್ಲ.

ಕಾಪುವಿನ ಶಾಲೆಯಲ್ಲಿ ನಾನು ಲೈಬ್ರರಿ ನೋಡಿಕೊಳ್ಳುತ್ತೇನೆ, ಮಾರ್ಚ್ ತನಕ ಮಾತ್ರ. ಉದ್ದದ ಮೇಜು ಇರುವುದು ಲೈಬ್ರರಿಯಲ್ಲಿ ಮಾತ್ರ. ಆದ್ದರಿಂದ ವಿಜ್ಞಾನದ ಉಮಾನಾಥ ಸರ್ ತಮ್ಮ ರೋಬೋಟ್ ತಂಡವನ್ನು ಅಲ್ಲಿಗೇ ಕರೆತಂದರು. ಆರು ಮಕ್ಕಳು. ಕೊನೆಯ ಬೆಲ್ ಆದ ಮೇಲೆ ಬಸ್ ಬರುವ ತನಕ ಒಂದು ಗಂಟೆ ಅವರ ಕೆಲಸ. ನಾನು ಮೂಲೆಯಲ್ಲಿ ಕುಳಿತು ಪುಸ್ತಕಗಳಿಗೆ ನಂಬರ್ ಬರೆಯುತ್ತಾ ಅವರನ್ನು ನೋಡುತ್ತಿದ್ದೆ. ಡಿಸೆಂಬರಿನಲ್ಲಿ ಸ್ಪರ್ಧೆಯವರು ಒಂದು ಪಟ್ಟಿ ಕಳಿಸಿದರು. ಆಟ ಏನು ಎಂದು ಹೇಳುವುದಿಲ್ಲ, ಅದನ್ನು ಜನವರಿ ಹನ್ನೊಂದರಂದು ಮಣಿಪಾಲದಲ್ಲಿ ಎಲ್ಲ ಶಾಲೆಗಳಿಗೂ ಒಟ್ಟಿಗೇ ತೋರಿಸುವುದು. ಆದರೆ ಆಟದ ಅಂಗಣ ಕಟ್ಟಲು ಬೇಕಾದ ಸಾಮಾನು ಯಾವುದು ಎಂದು ಮೊದಲೇ ತಿಳಿಸುತ್ತಾರೆ. ಅದನ್ನು ನೋಡಿ ಆಟ ಊಹಿಸುವುದೇ ಒಂದು ದೊಡ್ಡ ಆಟ. ಮದುವೆಗೆ ಮೊದಲಿನ ರೋಸ್ ಶಾಸ್ತ್ರದ ಹಿಂದಿನ ದಿನ ಮದುವೆಮನೆಯಲ್ಲಿ ರಿಕ್ಷಾದಿಂದ ಇಳಿಸಿದ ಚೀಲ ನೋಡಿ ಮರುದಿನದ ಅಡುಗೆಯನ್ನೆಲ್ಲ ನೀನು ಹೇಳುತ್ತಿದ್ದೆಯಲ್ಲ, ಹಾಗೆಯೇ. ಸರಿಯಾಗಿ ಊಹಿಸಿದರೆ ನಮಗೆ ಎರಡು ವಾರ ಹೆಚ್ಚಿಗೆ ಸಿಗುತ್ತದೆ. ದಿನಕ್ಕೆ ಒಂದು ಗಂಟೆಯವರಿಗೆ ಎರಡು ವಾರ ಎಂದರೆ ಎಷ್ಟು ಎಂದು ನೀನೇ ಲೆಕ್ಕ ಹಾಕು.

ಪಟ್ಟಿಯಲ್ಲಿ ಇದ್ದದ್ದು ಇಷ್ಟು: ನೀಲಿ ಟಾರ್ಪಾಲು, ಬಲೆ, ನೈಲಾನ್ ಹಗ್ಗ, ಅರ್ಧ ಇಂಚಿನ ಪಿವಿಸಿ ಪೈಪು, ಕವಲೊಡೆಯುವ ಟೀ ಜಾಯಿಂಟ್ ನಲವತ್ತೆಂಟು, ಬಿಳಿ ಪ್ಲಾಸ್ಟಿಕ್ ಚೆಂಡು ನೂರನಲವತ್ತನಾಲ್ಕು, ವೆಲ್ಕ್ರೋ ಆರು ಮೀಟರ್. ವೆಲ್ಕ್ರೋ ಅಂದರೆ ಪಪ್ಪನ ಹಳೆಯ ಚಪ್ಪಲಿಯಲ್ಲಿ ಪರ್ರ್ ಎಂದು ಬಿಡಿಸುವ ಪಟ್ಟಿ ಇತ್ತಲ್ಲ, ಅದು. ಸರ್ ಪಟ್ಟಿ ಓದಿದವರೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬಲೆ ಉಂಟು, ಹಗ್ಗ ಉಂಟು, ನೀಲಿ ಟಾರ್ಪಾಲು ಉಂಟು. ಇನ್ನೆಂತ ಬೇಕು? ಇದು ಮಲ್ಪೆ ಬಂದರೇ. ದೋಣಿಯಿಂದ ದಡದ ದಕ್ಕೆಗೆ ಮೀನು ಎತ್ತಿ ಹಾಕುವುದು." ಬಿಳಿ ಚೆಂಡು ಐಸ್ ಎಂದರು. ತಂಡದ ಹರ್ಷಿತ್‌ನ ಅಪ್ಪ ಮಲ್ಪೆಯ ಐಸ್ ಪ್ಲಾಂಟಿನಲ್ಲಿದ್ದಾರೆ. ಅವನು ಮೆಲ್ಲಗೆ, "ಸರ್, ಐಸ್ ಚೆಂಡಿನ ಹಾಗೆ ಉರುಟು ಇರುವುದಿಲ್ಲ," ಎಂದ. "ಮತ್ತೆ ನಿನ್ನ ತಲೆಯಷ್ಟು ದೊಡ್ಡ ಗಡ್ಡೆ ಕೊಡ್ತಾರಾ ಆಟಕ್ಕೆ? ಸುಮ್ಮನಿರು ಮಾರಾಯ," ಎಂದರು ಸರ್. ಎಲ್ಲರೂ ನಕ್ಕರು. ಆ ದಿನವೇ ಕ್ರೇನ್‌ನಂಥ ಒಂದು ದೊಡ್ಡ ಕೈಯ ಚಿತ್ರ ಬರೆದಾಯಿತು. ನಮ್ಮ ಹತ್ತಿರ ಇರುವುದು ಮೂರೇ ಮೋಟಾರು. ಮೂರೂ ಆ ಕೈಗೇ ಬೇಕು. ಊಹೆ ತಪ್ಪಿದರೆ ಎಲ್ಲ ಬಿಚ್ಚಿ ಮೊದಲಿನಿಂದ ಮಾಡಬೇಕು, ಅಷ್ಟು ಹೊತ್ತು ನಮ್ಮಲ್ಲಿಲ್ಲ.

ನನಗೆ ಆ ಪಟ್ಟಿ ಮನೆಗೆ ಬಂದ ಮೇಲೂ ಬಿಡಲಿಲ್ಲ. ಸಮುದ್ರದ ಬದಿಯವರು ನಾವು, ಬಲೆ ಎಂದು ಓದಿದ ಕೂಡಲೇ ಮೀನೇ ಕಾಣುವುದು. ಆದರೆ ಪಟ್ಟಿಯಲ್ಲಿ ಬಲೆಯ ಎದುರು ಸಣ್ಣ ಅಕ್ಷರದಲ್ಲಿ 'ಹಸಿರು, ನೆರಳಿನದ್ದು' ಎಂದು ಇತ್ತು. ಅದು ನರ್ಸರಿಯಲ್ಲಿ ಗಿಡಗಳ ಮೇಲೆ ಕಟ್ಟುವ ಬಲೆ. ಮೀನಿಗೆ ವೆಲ್ಕ್ರೋ ಯಾಕೆ? ದಕ್ಕೆಯಲ್ಲಿ ಯಾವುದೂ ಯಾವುದಕ್ಕೂ ಅಂಟಿಕೊಂಡಿರುವುದಿಲ್ಲ, ಎಲ್ಲ ರಾಶಿ ಬಿದ್ದಿರುತ್ತದೆ. ಅಂಟಿಕೊಂಡಿರುವುದು ಗಿಡದಲ್ಲಿ. ಮರುದಿನ ಬೆಳಿಗ್ಗೆ ಪಪ್ಪನ ಜೊತೆ ಹೂ ಕೊಯ್ಯುತ್ತಿದ್ದೆ. ಒಂದು ಕವಲಿನ ತುದಿಯಲ್ಲಿ ಮೂರು ಮೊಗ್ಗು. ಅಲ್ಲೇ ನಿಂತುಬಿಟ್ಟೆ. ನಲವತ್ತೆಂಟು ಕವಲು, ಕವಲಿಗೆ ಮೂರರಂತೆ ನೂರನಲವತ್ತನಾಲ್ಕು. "ಎಂತ, ಹುಳ ಉಂಟಾ?" ಎಂದು ಪಪ್ಪ ಕೇಳಿದರು. ಹುಳ ನನ್ನ ತಲೆಯಲ್ಲಿತ್ತು.

ಹೇಳಬೇಕಲ್ಲ. ಅದೇ ಕಷ್ಟ. ಸ್ಟಾಫ್ ರೂಮಿನಲ್ಲಿ ಚಹಾಕ್ಕೆ ಸಕ್ಕರೆ ಸಾಲದು ಎಂದು ಹೇಳಲೂ ನನಗೆ ಬಾಯಿ ಬರುವುದಿಲ್ಲ ಎಂದು ನಿನಗೆ ಗೊತ್ತು. ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಮೋಟಾರುಗಳಿಗೆ ಸ್ಕ್ರೂ ಹಾಕಲು ಹೊರಟಾಗ ಎದ್ದು ನಿಂತೆ. ಹೇಳಿದೆ. ಇದು ಮೀನಲ್ಲ, ಗಿಡದಿಂದ ಕೊಯ್ಯುವ ಆಟ ಎಂದೆ. ಸರ್ ಪೂರ್ತಿ ಕೇಳಿದರು, ಆಮೇಲೆ, "ಟೀಚರ್, ಶಂಕರಪುರದವರಿಗೆ ಎಲ್ಲಿ ನೋಡಿದರೂ ಮಲ್ಲಿಗೆಯೇ ಕಾಣುವುದಾ?" ಎಂದರು. ಮಕ್ಕಳೂ ನಕ್ಕರು. ನನಗೆ ಕಿವಿ ಬಿಸಿಯಾಯಿತು. ಆದರೆ ನಾನು ಚೀಲದಲ್ಲಿ ಪಪ್ಪನ ಚಪ್ಪಲಿಯ ಪಟ್ಟಿ ಕತ್ತರಿಸಿ ತಂದಿದ್ದೆ (ಇದನ್ನು ಅವರಿಗೆ ಹೇಳಬೇಡ, ಇನ್ನೂ ಹುಡುಕುತ್ತಿದ್ದಾರೆ). ಪಿವಿಸಿ ತುಂಡನ್ನು ಮೇಜಿನ ಮೇಲೆ ನಿಲ್ಲಿಸಿ, ತುದಿಗೆ ಪಟ್ಟಿಯ ಒಂದು ಭಾಗ, ಟೇಬಲ್ ಟೆನಿಸ್ ಚೆಂಡಿಗೆ ಇನ್ನೊಂದು ಭಾಗ ಅಂಟಿಸಿ, ಚೆಂಡನ್ನು ಪೈಪಿಗೆ ಹಚ್ಚಿ, "ತೆಗೆಯಿರಿ ಸರ್," ಎಂದೆ. ಅವರು ನೇರ ಎಳೆದರು. ಚೆಂಡಿನ ಜೊತೆ ಪೈಪೂ ಎದ್ದು ಬಂದು ನನ್ನ ರಿಜಿಸ್ಟರುಗಳ ಮೇಲೆ ಬಿತ್ತು. ಆಮೇಲೆ ನಾನು ತೆಗೆದೆ. ನನಗೆ ಏಳು ವರ್ಷವಿದ್ದಾಗ ಮೊಗ್ಗಿನ ಜೊತೆ ಕವಲನ್ನೇ ಕಿತ್ತು ತಂದಿದ್ದೆ, ನೆನಪಿದೆಯಾ? ನೀನು ನನ್ನ ಹೆಬ್ಬೆರಳನ್ನು ಹಿಡಿದು, "ಎಳೆಯಬೇಡ, ಬಗ್ಗಿಸಿ ತಿರುಗಿಸು, ಅದೇ ಬರುತ್ತದೆ," ಎಂದಿದ್ದೆ. ಹಾಗೆಯೇ ಬಗ್ಗಿಸಿ ತಿರುಗಿಸಿದೆ. ಚೆಂಡು ಕೈಗೆ ಬಂತು, ಪೈಪು ಅಲುಗಲಿಲ್ಲ.

ಸರ್ ಚೆಂಡನ್ನು ಮತ್ತೆ ಪೈಪಿಗೆ ಹಚ್ಚಿದರು. ತಾವೇ ನಾಲ್ಕು ಸಲ ಮಾಡಿ ನೋಡಿದರು. ಕೊನೆಗೆ ಕ್ರೇನಿನ ಚಿತ್ರವನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು, "ಆಯ್ತು. ಬೆರಳು ಮಾಡುವ. ತಪ್ಪಿದರೆ ಮಲ್ಪೆಯಲ್ಲಿ ನಿಮ್ಮಿಂದಲೇ ಮೀನು ಹೊರಿಸುತ್ತೇನೆ," ಎಂದರು. ಒಂಬತ್ತನೆಯ ತರಗತಿಯ ಅಕ್ಷಿತಾ ನನ್ನ ಕೈಯ ವಿಡಿಯೋ ತೆಗೆದಳು. ಮೂರು ಮೋಟಾರಿನಲ್ಲಿ ಎರಡು ಬೆರಳು, ಒಂದು ಮಣಿಕಟ್ಟು. ನಿನ್ನ ಕೈ ಅದು, ಮಮ್ಮಿ. ಮಕ್ಕಳಿಗೆ ಗೊತ್ತಿಲ್ಲ, ಅಷ್ಟೆ.

ನಿನ್ನೆ ಮಣಿಪಾಲದ ಸಭಾಂಗಣದಲ್ಲಿ ನಲವತ್ತು ಶಾಲೆಗಳವರು. ದೀಪ ಆರಿತು. ಅಕ್ಷಿತಾ ನನ್ನ ಕೈ ಹಿಡಿದದ್ದು ಉಗುರು ಇಳಿಯುವಷ್ಟು. ತಪ್ಪಿದರೆ ನನ್ನಿಂದಲೇ ಈ ಮಕ್ಕಳ ಎರಡು ವಾರ ಹಾಳು. ಪರದೆಯ ಮೇಲೆ ಮೊದಲು ನೀಲಿ ನೆಲ ಬಂತು, ತೆರೆಯ ಸದ್ದು ಕೇಳಿತು. ಸಮುದ್ರ! ಮುಗಿಯಿತು ಎಂದುಕೊಂಡೆ. ಸರ್ ನನ್ನ ಕಡೆ ತಿರುಗಲೂ ಇಲ್ಲ. ಆಮೇಲೆ ನೆಲದಿಂದ ಬಿಳಿ ಕವಲುಗಳು ಒಂದೊಂದಾಗಿ ಎದ್ದವು. ಆಟದ ಹೆಸರು 'ಹವಳದ ತೋಟ'. ನೆರಳಿನ ಬಲೆ ಸಮುದ್ರದ ಪಾಚಿಯಂತೆ. ಪ್ರತಿ ಕವಲಿನಲ್ಲಿ ಮೂರು ಬಿಳಿ ಚೆಂಡು. ರೋಬೋಟ್ ಅವುಗಳನ್ನು ಬಿಡಿಸಿ, ಹಗ್ಗದಲ್ಲಿ ತೂಗುವ ಬುಟ್ಟಿಗೆ ಹಾಕಬೇಕು, ಕವಲು ಬುಡ ಸಮೇತ ಎದ್ದರೆ ಅದರ ಅಂಕವೆಲ್ಲ ಹೋಯಿತು. ನಮ್ಮ ಆರೂ ಮಕ್ಕಳು ಕುರ್ಚಿಯ ಮೇಲೆ ನಿಂತಿದ್ದರು. ಸರ್ ನಿಧಾನಕ್ಕೆ, "ಸಮುದ್ರ ಅಂತ ನಾನು ಹೇಳಿದ್ದೆ ಅಲ್ವಾ?" ಎಂದರು. ಮತ್ತೆ ಮಕ್ಕಳ ಕಡೆ ತಿರುಗಿ, "ಕೊಯ್ಯುವುದು ಅಂತ ಟೀಚರ್ ಹೇಳಿದರು," ಎಂದರು.

ಹೊರಗೆ ಬಂದಾಗ ಕಾರ್ಕಳದ ಶಾಲೆಯ ಸ್ವರ್ಣಲತಾ ಮೇಡಂ ಸಿಕ್ಕಿದರು. ಅವರೂ ಬಲೆ ನೋಡಿ ದಕ್ಕೆ ಎಂದುಕೊಂಡು ಕ್ರೇನು ಮಾಡಿಟ್ಟಿದ್ದಾರಂತೆ. "ನಿಮಗೆ ಹೇಗೆ ಗೊತ್ತಾಯಿತು ಮಾರಾಯ್ರೆ?" ಎಂದು ಸರ್ ಅವರನ್ನು ಕೇಳಿದರು. ಸರ್ ನನ್ನನ್ನು ತೋರಿಸಿ ಚಹಾ ತರಲು ಹೋಗಿಬಿಟ್ಟರು. ಕೊಟ್ಟು ತಪ್ಪಿಸಿಕೊಳ್ಳಲು ನನ್ನ ಪಕ್ಕದಲ್ಲಿ ಪಪ್ಪನೂ ಇರಲಿಲ್ಲ, ಫೋನೂ ಇರಲಿಲ್ಲ. ನಾನೇ ಹೇಳಿದೆ. "ನನ್ನ ತಾಯಿ ಹೂ ಕೊಯ್ಯುವವರು," ಎಂದು ಶುರು ಮಾಡಿದೆ, ಚಹಾ ಬಂದು ತಣ್ಣಗಾಗುವ ತನಕ ಮಾತಾಡಿದೆ.

ಗೆಲ್ಲುತ್ತೇವೆ ಎಂದು ಬರೆಯುವುದಿಲ್ಲ. ನಮ್ಮ ಬೆರಳು ಐದರಲ್ಲಿ ಎರಡು ಚೆಂಡನ್ನು ಇನ್ನೂ ಕೆಳಗೆ ಬೀಳಿಸುತ್ತದೆ. ಸ್ಪರ್ಧೆ ಫೆಬ್ರವರಿ ಎಂಟಕ್ಕೆ. ನಿನ್ನ ತೇರ್ಸದ ಪ್ರಾರ್ಥನೆಯಲ್ಲಿ ಈ ಆರು ಮಕ್ಕಳನ್ನೂ, ಸರ್ ಅವರ ರಕ್ತದೊತ್ತಡವನ್ನೂ ಸೇರಿಸಿಕೋ. ಪಪ್ಪ ನಿನ್ನನ್ನು ಕೇಳಿದ್ದಾರೆ. ಅಜ್ಜಿಗೆ ನನ್ನ ನಮಸ್ಕಾರ, ಅವರಿಗೆ ಅರ್ಥವಾಗದಿದ್ದರೂ ಹೇಳು. ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡ.

ನಿನ್ನ
ಸ್ಯಾಂಡ್ರಾ

ಮತ್ತೆ: ರಾಯ್‌ಸ್ಟನ್ ಈಗಲೇ ಬಂದು ಗೇಟಿನಲ್ಲಿ ಬೈಕ್ ನಿಲ್ಲಿಸಿದ್ದಾನೆ, ಲಗೇಜು ಕಟ್ಟಿ ಆಗಬೇಕಂತೆ. ನೀನು ಕಳಿಸಿದ ಕಾಗದ ಈ ಲಕೋಟೆಯಲ್ಲೇ ಉಂಟು. ಸಹಿ ಹಾಕಿಲ್ಲ. ಪಪ್ಪನಿಗೂ ಇನ್ನೂ ಹೇಳಿಲ್ಲ, ಮೊದಲು ನಿನಗೆ. ಸ್ಪರ್ಧೆಯಲ್ಲಿ ತೀರ್ಪುಗಾರರ ಮುಂದೆ ತಂಡದ ಬಗ್ಗೆ ಹತ್ತು ನಿಮಿಷ ಮಾತಾಡಬೇಕು, ಅದನ್ನು ನಾನು ಒಪ್ಪಿಕೊಂಡಿದ್ದೇನೆ. ಮಾರ್ಚ್ ಆದ ಮೇಲೆ ಎಂತ ಎಂದು ಕೇಳಿದರೆ ನನಗೂ ಗೊತ್ತಿಲ್ಲ. ನಿನಗೆ ಸಿಟ್ಟು ಬರುತ್ತದೆ, ಬರಲಿ. ಶುಕ್ರವಾರ ನಿನ್ನ ರಜೆಗೆ ಫೋನ್ ಮಾಡು, ಎಷ್ಟು ಬೇಕಾದರೂ ಬೈ. ಈ ಸಲ ಪಪ್ಪನಿಗೆ ಕೊಡುವುದಿಲ್ಲ.