ವಿಷಯ: ಮನೆಗೆ ಬರುವ ಕುರಿತು

7 ಫೆಬ್ರವರಿ 2003, ಶುಕ್ರವಾರ

ಬೆಳಗ್ಗಿನಿಂದ ಪುನರ್ವಸತಿ ಕಚೇರಿ ಮುಂದಿನ ಬೇವಿನ ಮರದ ಕೆಳಗೆ ಕೂತು ಹನ್ನೊಂದು ಅರ್ಜಿ ಟೈಪ್ ಮಾಡಿದೆ. ಎಲ್ಲ ಆಣೆಕಟ್ಟಿನ ಹಿನ್ನೀರಿನಲ್ಲಿ ಊರು ಕಳೆದುಕೊಂಡವರದೇ — ಬದಲಿಗೆ ಕೊಟ್ಟ ಪ್ಲಾಟಿನ ನಂಬರ್ ತಪ್ಪು, ಹೆಸರು ತಪ್ಪು. ರಿಬ್ಬನ್ ಮಸುಕಾಗಿದೆ. ನಾಲ್ಕಕ್ಕೆ ಮಷಿನ್ ಮುಚ್ಚಿ ಚರ್ಚಿನ ಶುಕ್ರವಾರದ ಪ್ರಾರ್ಥನೆಗೆ ಹೋದೆ.

ಒಂದೂವರೆ ಪುಟ ಬರೆದುಕೊಂಡು ಹೋಗಿದ್ದೆ. ದೇವರ ಮುಂದೆ ಬಾಯಿಗೆ ಬಂದದ್ದು ಆಡಬಾರದು, ಬರೆದು ತಿದ್ದಿ ಓದಬೇಕು — ಅಪ್ಪ ಕಲಿಸಿದ್ದು. ‘ಸರ್ವಶಕ್ತನಾದ ತಂದೆಯೇ, ತಮ್ಮ ಪಾದಸನ್ನಿಧಿಯಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ…’ ಎರಡನೇ ಪ್ಯಾರಾಕ್ಕೆ ಪಕ್ಕದಲ್ಲಿ ಕೂತಿದ್ದ ಕರೆವ್ವ ಆಕಳಿಸಿದಳು.

ಆಮೇಲೆ ಹಾಲವ್ವ. ಗಲಗಲಿ ಕಡೆಯ ಕುರಿಗಾರ ವಿಧವೆ. ಮನೆಯವರೆಲ್ಲ ಬೀರೇಶ್ವರನ ಒಕ್ಕಲು, ಇವಳೊಬ್ಬಳೇ ಮೂರು ತಿಂಗಳಿಂದ ನಮ್ಮ ಸಭೆಗೆ ಬರುತ್ತಿದ್ದಾಳೆ. ಅಕ್ಷರ ಬಾರದು.

“ಯಪ್ಪಾ, ನಾ ಹಾಲವ್ವ ಬಂದೇನಿ. ಟಗರು ಮೇವು ಬಿಟ್ಟೈತಿ. ನೀನ ನೋಡಬೇಕ.”

ಅಷ್ಟೇ. ತವರಿಗೆ ಬಂದ ಮಗಳು ಸೀದಾ ಅಡುಗೆಮನೆಗೆ ಹೋಗಿ ಗಡಿಗೆ ಮುಚ್ಚಳ ತೆಗೆದ ಹಾಗೆ. ಎಲ್ಲರೂ ಜೋರಾಗಿ ಆಮೆನ್ ಅಂದರು. ನನ್ನದಕ್ಕೆ ಇಷ್ಟು ಜೋರಾಗಿ ಯಾವತ್ತೂ ಅಂದಿಲ್ಲ. ಹೊಟ್ಟೆ ಉರಿಯಿತು.

10 ಫೆಬ್ರವರಿ, ಸೋಮವಾರ

ಹಾಲವ್ವ ಕಚೇರಿಗೆ ಬಂದಿದ್ದಳು, ಪ್ಲಾಟ್ ಹೆಸರು ತಿದ್ದಿಸಲು. ಕೂಡಿಸಿ ಹೇಳಿದೆ: ಮೊದಲು ಅರ್ಜಿ, ಆಮೇಲೆ ಟಪಾಲು, ಇನ್‌ವರ್ಡ್ ನಂಬರ್, ಹದಿನೈದು ದಿನ ಬಿಟ್ಟು ವಿಚಾರಿಸಬೇಕು. ಕೇಳಿದಳು, ತಲೆಯಾಡಿಸಿದಳು, ಎದ್ದು ಸೀದಾ ಸಾಹೇಬರ ಕೋಣೆಯೊಳಗೆ ನಡೆದಳು. ಪ್ಯೂನ್ ನೋಡುತ್ತಲೇ ನಿಂತ.

ಹತ್ತು ನಿಮಿಷಕ್ಕೆ ಹೊರಗೆ ಬಂದಳು. ಕೆಲಸ ಆಗಿತ್ತು.

“ಒಳಗ ಅದಾನ ಅಂದಮ್ಯಾಲ ಹೋಗಬೇಕಲ್ಲ ಬೇ?”

ಹನ್ನೆರಡು ವರ್ಷದಿಂದ ಈ ಬೇವಿನ ಮರದ ಕೆಳಗೆ ಕೂತಿದ್ದೇನೆ. ಆ ಬಾಗಿಲು ನಾನು ಒಮ್ಮೆಯೂ ದಾಟಿಲ್ಲ.

14 ಫೆಬ್ರವರಿ, ಶುಕ್ರವಾರ

ಟಗರು ಮೇಯುತ್ತಿದೆಯಂತೆ. ದೇವರೇ ಉಳಿಸಿದ ಎಂದು ಹಾಲವ್ವ ಸಭೆಯ ಮುಂದೆ ಸಾಕ್ಷಿ ಹೇಳಿದಳು. ಚಪ್ಪಾಳೆ.

ಒಂದು ಟಗರಿಗೆ ಕಿವಿಗೊಡುವ ದೇವರು… ಇರಲಿ. ಖರೆ ಹೇಳಬೇಕೆಂದರೆ ನನಗಾಗಿ ನಾನು ಏನನ್ನೂ ಬೇಡಿಯೇ ಇಲ್ಲ. ನನ್ನ ಗಂಡ ವಿಜಯ ಇಚಲಕರಂಜಿಗೆ ಮಗ್ಗದ ಕೆಲಸಕ್ಕೆ ಹೋಗಿ ಹದಿನಾಲ್ಕು ತಿಂಗಳು. ಸಭೆಯವರು ವಿಚಾರಿಸಿದರೆ ಕೆಲಸ ಜೋರಿದೆ, ಕ್ರಿಸ್ಮಸ್‌ಗೆ ಬರುತ್ತಾರೆ ಅನ್ನುತ್ತೇನೆ. ಎರಡು ಕ್ರಿಸ್ಮಸ್ ಆಯಿತು. ಪ್ರಾರ್ಥನೆಯಲ್ಲಿ ‘ಸಕಲ ಕುಟುಂಬಗಳಿಗೆ ಸಮಾಧಾನ ದಯಪಾಲಿಸಬೇಕಾಗಿ’ ಎಂದು ಬರೆಯುತ್ತೇನೆ. ಸಕಲದಲ್ಲಿ ನಾವೂ ಬಂದೆವು ಅಂತ ಸಮಾಧಾನ.

ಹೋಗುವಾಗ ಅವನು ಹೇಳಿದ್ದು ಒಂದೇ ಮಾತು. “ಮನ್ಯಾಗೂ ಕಚೇರಿ ಮಾತ ಆಡತಿ.” ತಿಂಗಳಾದ ಮೇಲೆ ಪತ್ರ ಹಾಕಿದೆ. ಕೈಯಲ್ಲಿ ಬರೆಯಲಿಲ್ಲ, ಟೈಪ್ ಮಾಡಿದೆ. ತಪ್ಪಿಲ್ಲದೆ ಇರಲಿ ಅಂತ. ಮೇಲೆ ‘ವಿಷಯ: ಮನೆಗೆ ಬರುವ ಕುರಿತು’. ಕೆಳಗೆ ‘ತಮ್ಮ ವಿಶ್ವಾಸಿ’. ಹೇಂತಿ ನೋಟಿಸ್ ಕಳಿಸ್ಯಾಳ ಎಂದು ಜೊತೆಯವರಿಗೆ ತೋರಿಸಿದನಂತೆ. ಉತ್ತರ ಬರಲಿಲ್ಲ.

21 ಫೆಬ್ರವರಿ, ಶುಕ್ರವಾರ

ಪಾಸ್ಟರ್ ಸಂದೇಶ: ಕೃಪೆಯ ಸಿಂಹಾಸನದ ಹತ್ತಿರ ಧೈರ್ಯವಾಗಿ ಹೋಗಬೇಕು. ಬಾಗಿಲನ್ನು ದೇವರ ಮಗನೇ ತೆರೆದಿಟ್ಟಿದ್ದಾನೆ, ನಡುವೆ ಪ್ಯೂನ್ ಇಲ್ಲ, ಶಿಫಾರಸು ಬೇಡ. ಉದಾಹರಣೆಗೆ ಯಾರು? ಹಾಲವ್ವ. ಇನ್ನು ಮೇಲೆ ಶುಕ್ರವಾರದ ಪ್ರಾರ್ಥನೆ ಅವಳೇ ನಡೆಸಲಿ ಅಂದರು. ಎಂಟು ವರ್ಷ ನಾನು ನಡೆಸಿದ್ದು.

ಭಾಳ ಛಲೋ ಆತ್ರಿ ಅಂದೆ. ನಕ್ಕು ನಕ್ಕು ಕೆನ್ನೆ ನೋವು ಬಂತು.

7 ಮಾರ್ಚ್, ಶುಕ್ರವಾರ

ಕಳೆದ ವಾರ ನೆಗಡಿ ಅಂತ ತಪ್ಪಿಸಿದ್ದೆ. ಇವತ್ತು ಹೋಗಬಾರದಿತ್ತು.

ಮೊಣಕಾಲೂರಿ ಕೂತಿದ್ದೆವು. ಹಾಲವ್ವ ನನ್ನ ತಲೆಯ ಮೇಲೆ ಕೈ ಇಟ್ಟಳು. “ಯಪ್ಪಾ, ಈ ಪೂರ್ಣಿಮಾನ ಗಂಡ ಎಲ್ಲಿ ಅದಾನ ನಿನಗ ಗೊತ್ತೈತಿ. ಮನಿಗಿ ಕಳಸ.”

ಅಷ್ಟೂ ಹೆಂಗಸರು ಕಣ್ಣು ತೆರೆದು ನನ್ನನ್ನೇ ನೋಡಿದರು. ಹದಿನಾಲ್ಕು ತಿಂಗಳು ಮುಚ್ಚಿಟ್ಟಿದ್ದು ಒಂದು ಉಸಿರಿಗೆ ಬೀದಿಗೆ ಬಂತು.

ಹೊರಗೆ ಚಪ್ಪಲಿ ಹತ್ತಿರ ಹಾಲವ್ವನನ್ನು ಹಿಡಿದು ನಿಲ್ಲಿಸಿದೆ. ಯಾರು ಹೇಳಿದರು ಎಂದು ಕೇಳಿದೆ. ಯಾರೂ ಹೇಳಿಲ್ಲವಂತೆ. ಎಲ್ಲರ ಗಂಡಂದಿರ ಹೆಸರೂ ನೀನು ಓದುವ ಪ್ರಾರ್ಥನೆಯ ಹಾಳೆಯಲ್ಲಿ ಬರುತ್ತದೆ, ನಿನ್ನ ಗಂಡನದು ಮಾತ್ರ ಬರುವುದಿಲ್ಲ, ಅದಕ್ಕೇ ತಿಳಿಯಿತು ಅಂದಳು.

“ನನ್ನ ಗಂಡನ್ನ ನೀವು ಕೇಳಬ್ಯಾಡ್ರಿ.”

“ಹಂಗಾರ ನೀ ಕೇಳ ಬೇ. ನೀ ಕೇಳೂಮಟಾ ನಾ ದಿನಾ ಮುಂಜಾನೆ ಕುರಿ ಬಿಡೂ ಮುಂದ ಕೇಳಾಕಿನ.”

8 ಮಾರ್ಚ್, ಶನಿವಾರ

ಎರಡನೇ ಶನಿವಾರ, ಕಚೇರಿ ರಜೆ; ಬಾಕಿ ಇದ್ದ ಅರ್ಜಿ ಮೂರು ಟೈಪ್ ಮಾಡಿದೆ. ಮೂರರಲ್ಲೂ ನಾನೇ ತಪ್ಪು ಹೊಡೆದೆ.

ಒಂದು ವಿಚಾರ ಬಂತು. ಬರೆದೇ ಬಿಡುತ್ತೇನೆ. ವಿಜಯ ಬಂದರೆ ಸಭೆಯವರೆಲ್ಲ ಹಾಲವ್ವನ ಪ್ರಾರ್ಥನೆಯಿಂದ ಬಂದ ಅನ್ನುತ್ತಾರೆ. ನನ್ನ ಗಂಡ, ಅವಳ ಸಾಕ್ಷಿ. ಟಗರಿನ ಹಿಂದೆ ಇವನೂ ಒಬ್ಬ. ಅದಕ್ಕಿಂತ ಬರದೇ ಇರುವುದೇ ಮೇಲು ಅನಿಸಿತು… ಒಂದು ಗಳಿಗೆ.

ಅನಿಸಿದ್ದು ಖರೆ. ನನಗೇ ಹೆದರಿಕೆಯಾಯಿತು.

9 ಮಾರ್ಚ್, ರವಿವಾರ, ಬೆಳಗ್ಗೆ 5-30

ಹಾಳೆ ತೆಗೆದುಕೊಂಡು ಕೂತೆ. ‘ಪರಲೋಕದ ತಂದೆಯವರ ಸನ್ನಿಧಾನಕ್ಕೆ. ವಿಷಯ:’ — ಅಲ್ಲಿಗೆ ಕೈ ನಿಂತಿತು. ಇದೇ ಕೈ, ಇದೇ ಕಾಗದ. ವಿಜಯನಿಗೂ ಹೀಗೇ ಬರೆದೆ. ಹರಿದು ಹಾಕಿದೆ.

ಮೊದಲು ಮನಸ್ಸು ತಿಳಿಯಾಗಲಿ, ಹಾಲವ್ವನ ಮೇಲಿನ ಕಿಚ್ಚು ಇಳಿಯಲಿ, ಆಮೇಲೆ ಕೇಳೋಣ ಅಂದುಕೊಂಡೆ. ಯಾವಾಗ ಇಳಿಯುವುದು? ಇನ್ನೇನು ಬೆಳಕು ಹರಿಯುತ್ತದೆ. ಅವಳು ಕುರಿ ಬಿಡುವ ಹೊತ್ತು. ಹಟ್ಟಿಯ ಬಾಗಿಲಲ್ಲಿ ನಿಂತು ನನ್ನ ಗಂಡನ ಹೆಸರು ಹಿಡಿದು ಕೇಳುತ್ತಾಳೆ. ನಾನು ಇಲ್ಲಿ ಪ್ಯಾರಾ ತಿದ್ದುತ್ತಿರುತ್ತೇನೆ.

ಇಲ್ಲ. ಅವನು ನನ್ನ ಗಂಡ. ಇವತ್ತು ಅವಳಿಗಿಂತ ಮೊದಲು ನಾನು ದೇವರ ಹತ್ತಿರ ಹೋಗುತ್ತೇನೆ. ಹೊಟ್ಟೆಕಿಚ್ಚು ಇಟ್ಟುಕೊಂಡೇ ಹೋಗುತ್ತೇನೆ, ತೊಳೆದುಕೊಂಡು ಹೋಗುವಷ್ಟು ಹೊತ್ತಿಲ್ಲ. ಬೇಕಾದರೆ ಆ ತಂದೆಯೇ ತೊಳೆಯಲಿ.

ಇದನ್ನು ಬರೆಯಬಾರದು. ಬರೆದರೆ ಮತ್ತೆ ಅರ್ಜಿಯಾಗುತ್ತದೆ. ಬಾಯಿಬಿಟ್ಟೇ ಕೇಳಬೇಕು.

ಯಪ್ಪಾ, ನಾ ಪೂರ್ಣಿಮಾ ಬಂದೇನಿ. ವಿಜಯನ್ನ —